ಪಾಮೋಲಿವ್ ಎಂಬ ತಾಳವಾದಕಿ

ಅಸಗನ ಕನ್ನಡ ಕೃತಿಯೊಂದೂ ನಮಗೆ ಉಳಿದು ಬಂದಿಲ್ಲ. ಕೇಶಿರಾಜ ಮೊದಲಾದವರು ಆತನನ್ನು ಹೆಸರಿಸಿದ್ದಾರೆಂಬ ಬಲದ ಮೇಲೆ, ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವ ನಮ್ಮಂಥವರು ವರ್ಷ ವರ್ಷವೂ ಆತನನ್ನು ದೊಡ್ಡ ಕವಿಗಳ ಸಾಲಿನಲ್ಲಿ ಕೂಡಿಸಿದ್ದೇವೆ. ಗ್ರಂಥ ದೊರೆತಿದ್ದರೆ ಆತನ ಸ್ಥಾನ ಏರುತ್ತಿತ್ತೋ ಇಳಿಯುತ್ತಿತ್ತೋ ಬಲ್ಲವರಾರು? ಒಂಬತ್ತನೆಯ ಶತಮಾನದ ಮಾತು ಹಾಗಿರಲಿ. ಎಡಿಸನ್ 1877ರಲ್ಲಿ ಧ್ವನಿಮುದ್ರಣ ಯಂತ್ರವನ್ನು ಕಂಡುಹಿಡಿದು ನೂರು ವರ್ಷ ತುಂಬಿದ ಕಾಲದಲ್ಲಿ, ಲಂಡನ್ನಿನಂಥ ನಗರದಲ್ಲಿ, ಒಬ್ಬ ವಾದ್ಯಗಾರ್ತಿಗೆ ಹೆಚ್ಚು ಕಡಮೆ ಇಂಥದೇ ಗತಿ ಬಂದಿತ್ತು. ಆಕೆ ಕಟ್ಟಿದ ತಂಡದ ಹೆಸರು ಉಳಿಯಿತು, ಆಕೆ ಬರೆದ ಹಾಡುಗಳು ಉಳಿದವು. ಆದರೆ ಆ ತಂಡಕ್ಕೆ ಕೀರ್ತಿ ತಂದ ಧ್ವನಿಮುದ್ರಿಕೆಯಲ್ಲಿ ಆಕೆಯ ಕೈ ಕೇಳಿಸುವುದಿಲ್ಲ. ಈ ಹೊತ್ತು ಆಕೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆಕೆಯ ಹುಟ್ಟುಹೆಸರು ಪಲೋಮಾ ರೊಮೇರೊ. ಊರಿನಿಂದ ಸ್ಪೇನಿನವಳು. ಲೋಕ ಆಕೆಯನ್ನು ಬಲ್ಲುದು ಪಾಮೋಲಿವ್ ಎಂಬ ಹೆಸರಿನಿಂದ. ಇದು ಸಾಬೂನಿನ ಹೆಸರೆಂದು ಕೇಳುಗರಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮಲ್ಲಿಯೂ ಗಂಡಸರು ಗಡ್ಡ ಹೆರೆದುಕೊಳ್ಳುವ ನೊರೆಯ ಹೆಸರಾಗಿ, ಕಪಿಲ್ ದೇವನ ಜಾಹೀರಾತಿನೊಡನೆ ಅದು ಮನೆಮನೆಗೆ ಬಂದಿತ್ತು. ಸ್ಪೇನಿನ ಭಾಷೆಯಲ್ಲಿ ‘ಪಲೋಮಾ’ ಎಂದರೆ ಪಾರಿವಾಳ. ಆ ಹೆಸರು ಕಿವಿಗೆ ಹಿಡಿಯದೆ, ‘ಕ್ಲ್ಯಾಷ್’ ಎಂಬ ತಂಡದ ಪಾಲ್ ಸಿಮೊನನ್ ಎಂಬಾತ ಅದನ್ನು ಪಾಮೋಲಿವ್ ಎಂದುಬಿಟ್ಟನಂತೆ. ಆಕೆ ಅದನ್ನೇ ಒಪ್ಪಿಕೊಂಡಳು. ಬಿರುದನ್ನು ಹೀಗೆ ಅಂಗಡಿಯ ಕಪಾಟಿನಿಂದ ಎತ್ತಿಕೊಳ್ಳುವುದು ಆ ಗುಂಪಿನವರಿಗೆ ವಿನೋದವೂ ಆಗಿತ್ತು, ದೊಡ್ಡವರ ಗಾಂಭೀರ್ಯವನ್ನು ಅಣಕಿಸುವ ಬಗೆಯೂ ಆಗಿತ್ತು.

ಆಕೆ ಬೆಳೆದದ್ದು ಜನರಲ್ ಫ್ರಾಂಕೋನ ಆಳ್ವಿಕೆಯಲ್ಲಿ. 1939ರಲ್ಲಿ ಅಂತರ್ಯುದ್ಧವನ್ನು ಗೆದ್ದು ಅಧಿಕಾರವನ್ನು ಕೈವಶ ಮಾಡಿಕೊಂಡ ಆತ 1975ರ ನವೆಂಬರಿನಲ್ಲಿ ಸಾಯುವವರೆಗೂ ಅದನ್ನು ಬಿಡಲಿಲ್ಲ. ಮದುವೆಯಾದ ಹೆಣ್ಣು ಕೆಲಸಕ್ಕೆ ಸೇರಬೇಕಾದರೂ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೂ ಗಂಡನ ಒಪ್ಪಿಗೆ ಬೇಕೆಂಬ ಕಾನೂನು ಆ ದೇಶದಲ್ಲಿ 1975ರವರೆಗೆ ಜಾರಿಯಲ್ಲಿತ್ತು. ಇಂಥ ದೇಶದಿಂದ ಹದಿಹರೆಯ ಕಳೆಯುವ ಮೊದಲೇ ಹೊರಬಿದ್ದು 1970ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿಗೆ ಬಂದ ಹುಡುಗಿಗೆ, ಆ ನಗರದ ಬಡತನವೂ ಬಿಡುಗಡೆಯಾಗಿಯೇ ಕಂಡಿರಬೇಕು.

ಆಗಿನ ಲಂಡನ್ನಿನಲ್ಲಿ ಕೆಡವುವುದಕ್ಕೆಂದು ಖಾಲಿ ಬಿಟ್ಟಿದ್ದ ಮನೆಗಳ ಸಾಲುಸಾಲೇ ಇತ್ತು. ಕೆಲಸವಿಲ್ಲದ ತರುಣರು ಬೀಗ ಮುರಿದು ಒಳಹೊಕ್ಕು, ಬಾಡಿಗೆ ಕೊಡದೆ ಅಲ್ಲಿಯೇ ಬಿಡಾರ ಹೂಡುತ್ತಿದ್ದರು. ವಾಲ್ಟರ್‌ಟನ್ ರಸ್ತೆಯ 101ನೆಯ ಮನೆ ಅಂಥದೊಂದು ಬಿಡಾರ. ಅಲ್ಲಿ ಸೇರಿದ್ದ ಹುಡುಗರು ಒಂದು ವಾದ್ಯತಂಡ ಕಟ್ಟಿಕೊಂಡು ಮನೆಯ ಸಂಖ್ಯೆಯನ್ನೇ ಅದಕ್ಕೆ ಹೆಸರಾಗಿ ಇಟ್ಟರು. ಅದರ ಮುಖ್ಯ ಗಾಯಕ ಜೋ ಸ್ಟ್ರಮ್ಮರ್. ಮುಂದೆ ‘ಕ್ಲ್ಯಾಷ್’ ತಂಡದ ಮೂಲಕ ಜಗತ್ತಿಗೆ ಪರಿಚಿತನಾದವನು ಇವನೇ. ಸುಮಾರು ಎರಡು ವರ್ಷ ಪಲೋಮಾ ಇವನ ಸಂಗಾತಿಯಾಗಿದ್ದಳು. ಪಂಕ್ ಸಂಗೀತವನ್ನು ಕುರಿತ ಎಷ್ಟೋ ಬರಹಗಳಲ್ಲಿ ಆಕೆ ಬರುವುದು ‘ಸ್ಟ್ರಮ್ಮರನ ಗೆಳತಿ’ ಎಂಬ ಅರ್ಧ ಸಾಲಿನಲ್ಲಿ. ಹೆಣ್ಣನ್ನು ಒಬ್ಬನ ಮಗಳು, ಮತ್ತೊಬ್ಬನ ಮಡದಿ ಎಂದು ಗುರುತಿಸಿ ಮುಂದಕ್ಕೆ ಹೋಗುವ ಚಾಳಿ ನಮ್ಮ ಚರಿತ್ರಕಾರರಿಗೂ ಇದೆಯಾಗಿ, ನಾನು ಇದನ್ನು ಕುರಿತು ಹೆಚ್ಚು ಬೆಳೆಸುವುದಿಲ್ಲ.

ಪಂಕ್ ಎಂಬ ಮಾತಿನ ಬಗೆಗೆ ಸ್ವಲ್ಪ ವಿವರಣೆ ಅಗತ್ಯ. ಷೇಕ್ಸ್‌ಪಿಯರನ ಕಾಲದಲ್ಲಿ ಅದು ವೇಶ್ಯೆಯನ್ನು ಸೂಚಿಸುವ ಕೀಳುಮಾತಾಗಿತ್ತು. ಅಮೆರಿಕದಲ್ಲಿ ಪೋಲಿ, ಪುಂಡ, ಕೆಲಸಕ್ಕೆ ಬಾರದವನು ಎಂಬ ಅರ್ಥಕ್ಕೆ ತಿರುಗಿತು. 1970ರ ದಶಕದ ನಡುವಿನಲ್ಲಿ ಅದು ಒಂದು ಸಂಗೀತದ ಹೆಸರಾಯಿತು. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. 1976ರಲ್ಲಿ ಸರ್ಕಾರವು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಸಾಲಕ್ಕೆ ಹೋಯಿತು. ರಾಕ್ ಸಂಗೀತವಾದರೋ ಆಗ ಕೋಟ್ಯಧೀಶರ ಸೊತ್ತು. ಇಪ್ಪತ್ತು ನಿಮಿಷದ ಹಾಡುಗಳು, ಲಾರಿಗಟ್ಟಲೆ ಯಂತ್ರಗಳು. ಇದಕ್ಕೆ ಎದುರಾಗಿ ಎದ್ದ ತರುಣರು, ಗಿಟಾರಿನ ಎರಡು ಮೂರು ಸ್ವರಮೇಳ ಬಂದರೆ ಸಾಕು, ವೇದಿಕೆ ಏರಬಹುದು ಎಂದರು. ಕಲಿತು ಹಾಡುವುದಲ್ಲ, ಹಾಡುತ್ತ ಕಲಿಯುವುದು. ಸಂಗೀತವನ್ನು ಸಾಧನೆಯೆಂದು ತಿಳಿದ ನಮ್ಮ ಮನಸ್ಸಿಗೆ ಇದು ಒಗ್ಗದ ಮಾತು. ನನಗೂ ಪೂರ್ತಿ ಒಗ್ಗಿದೆಯೆಂದು ಹೇಳಲಾರೆ. ಆದರೆ ಈ ಮಾತು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಬಾಗಿಲುಗಳನ್ನು ತೆರೆಯಿತೆಂಬುದು ಚರಿತ್ರೆ. ಕಲಿಸುವವರಿಲ್ಲದೆ, ಕೂಡಿ ನುಡಿಸುವವರಿಲ್ಲದೆ ಹೊರಗೆ ನಿಂತಿದ್ದವರು ಅವರೇ ತಾನೆ?

ಅದರಲ್ಲಿಯೂ ಡ್ರಮ್ ಎಂಬುದು ಗಂಡಸಿನ ವಾದ್ಯವೆಂದು ಪಾಶ್ಚಾತ್ಯರು ಗಟ್ಟಿಯಾಗಿ ನಂಬಿದ್ದರು. ಹೆಣ್ಣು ಹಾಡಬಹುದು, ಪಿಯಾನೋ ನುಡಿಸಬಹುದು. ಕಾಲು ಅಗಲಿಸಿ ಕುಳಿತು, ಬೆವರು ಸುರಿಸಿ, ಚರ್ಮದ ಮೇಲೆ ಕೋಲು ಬೀಸುವುದು ಆಕೆಗೆ ಸಲ್ಲದು. ಈ ನಂಬಿಕೆಯನ್ನು ಮೀರಿದವರು ಇಲ್ಲದಿರಲಿಲ್ಲ. ಅಮೆರಿಕದ ವಯೋಲ ಸ್ಮಿತ್ ಎಂಬಾಕೆ 1942ರಲ್ಲಿ, ಯುದ್ಧಕ್ಕೆ ಹೋದ ವಾದ್ಯಗಾರರ ಜಾಗಕ್ಕೆ ಹೆಂಗಸರನ್ನು ತೆಗೆದುಕೊಳ್ಳಬಾರದೇಕೆ ಎಂದು ಪತ್ರಿಕೆಯಲ್ಲಿ ವಾದಿಸಿದ್ದಳು. ನೂರು ವರ್ಷ ದಾಟಿ ಬದುಕಿ, 2020ರಲ್ಲಿ ತೀರಿಕೊಂಡಳು. 1964ರಲ್ಲಿ ಇಂಗ್ಲೆಂಡಿನ ‘ಹನಿಕೂಂಬ್ಸ್’ ತಂಡದ ಹಾಡೊಂದು ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ, ಅದರ ಡ್ರಮ್ ವಾದಕಿ ಹನಿ ಲ್ಯಾಂಟ್ರಿಯನ್ನು ಕೇವಲ ಪ್ರದರ್ಶನದ ಗೊಂಬೆಯೆಂದು ಸಂಶಯಪಟ್ಟವರಿದ್ದರು. ನ್ಯೂಯಾರ್ಕಿನ ‘ವೆಲ್ವೆಟ್ ಅಂಡರ್‌ಗ್ರೌಂಡ್’ ತಂಡದ ಮೊರೀನ್ ಟಕ್ಕರ್ ನಿಂತುಕೊಂಡೇ, ದೊಡ್ಡ ಡ್ರಮ್ಮನ್ನು ಮಗುಚಿ ಹಾಕಿ, ಮೆತ್ತನೆಯ ಕೋಲಿನಿಂದ ಬಾರಿಸುತ್ತಿದ್ದಳು. ಆದರೆ ಇವರೆಲ್ಲ ಒಂಟಿ ಉದಾಹರಣೆಗಳು. ತಂಡದಲ್ಲಿ ಉಳಿದವರೆಲ್ಲ, ಅಥವಾ ಬಹುಮಂದಿ, ಗಂಡಸರಾದಾಗ ಹೆಣ್ಣು ಅವರ ಲೆಕ್ಕಕ್ಕೇ ಬಾರಿಸಬೇಕಾಗುತ್ತದೆ.

ಪಲೋಮಾ ಡ್ರಮ್ಮನ್ನು ಯಾರಲ್ಲಿಯೂ ಕಲಿಯಲಿಲ್ಲ. 1976ರಲ್ಲಿ ಸಿಡ್ ವಿಷಸ್ ಮೊದಲಾದವರ ‘ಫ್ಲವರ್ಸ್ ಆಫ್ ರೊಮಾನ್ಸ್’ ಎಂಬ ಕೂಟವನ್ನು ಸೇರಿ ಬಹುಬೇಗ ಹೊರಬಂದಳು. ಆ ಕೂಟ ಒಂದು ಕಚೇರಿಯನ್ನೂ ಮಾಡದೆ ಚದುರಿಹೋಯಿತು. ಅದೇ ವರ್ಷ ಪ್ಯಾಟಿ ಸ್ಮಿತ್ ಎಂಬ ಅಮೆರಿಕದ ಗಾಯಕಿಯ ಕಚೇರಿಯಲ್ಲಿ ಈಕೆಗೆ ಆರಿ ಎಂಬ ಹುಡುಗಿಯ ಗುರುತಾಯಿತು. ಆರಿಗೆ ಆಗ ಹದಿನಾಲ್ಕು ವರ್ಷ, ಜರ್ಮನಿಯಲ್ಲಿ ಹುಟ್ಟಿದವಳು. ಇವರಿಬ್ಬರೂ ಕೂಡಿ, ಹೆಣ್ಣುಮಕ್ಕಳೇ ಇರುವ ತಂಡವೊಂದನ್ನು ಕಟ್ಟಿದರು. ಸ್ವಲ್ಪ ಕಾಲದಲ್ಲಿ ಗಿಟಾರಿಗೆ ವಿವ್ ಆಲ್ಬರ್ಟೀನ್, ಮಂದ್ರದ ಬಾಸ್ ಗಿಟಾರಿಗೆ ಟೆಸ್ಸಾ ಪಾಲಿಟ್ ಬಂದು ಸೇರಿದರು. ತಂಡದ ಹೆಸರು ‘ಸ್ಲಿಟ್ಸ್’, ಎಂದರೆ ಸೀಳುಗಳು. ಅದರಲ್ಲಿ ಅಡಗಿರುವ ಇನ್ನೊಂದು ಅರ್ಥವನ್ನು ಕೇಳುಗರ ಊಹೆಗೆ ಬಿಡುತ್ತೇನೆ. ಅಂಗಡಿಯವರು, ಪತ್ರಿಕೆಯವರು ಆ ಹೆಸರನ್ನು ಹೇಳುವುದಕ್ಕೇ ಮುಜುಗರಪಡುತ್ತಿದ್ದರು.

ಮೊದಲ ಕಚೇರಿ 1977ರ ಮಾರ್ಚ್ 11ರಂದು, ಲಂಡನ್ನಿನ ಹಾರ್ಲ್ಸ್‌ಡನ್ ಬಡಾವಣೆಯಲ್ಲಿ, ‘ಕ್ಲ್ಯಾಷ್’ ತಂಡದ ಜೊತೆಗೆ. ಟೆಸ್ಸಾ ಬಾಸ್ ಹಿಡಿದು ಆಗ ಕೆಲವೇ ವಾರಗಳಾಗಿದ್ದುವು. ಎರಡು ತಿಂಗಳೊಳಗೆ ಈ ನಾಲ್ವರು ಅದೇ ತಂಡದೊಡನೆ ದೇಶಸಂಚಾರಕ್ಕೆ ಹೊರಟರು. ಆ ಪ್ರವಾಸದ ಕಥೆಯನ್ನು ಹೇಳುವವರೆಲ್ಲ ಎರಡು ಸಂಗತಿಗಳನ್ನು ತಪ್ಪದೆ ಹೇಳುತ್ತಾರೆ: ಈ ಹುಡುಗಿಯರನ್ನು ಬಸ್ಸಿಗೆ ಹತ್ತಿಸಿಕೊಳ್ಳುವುದಕ್ಕೆ ಚಾಲಕನ ಕೈ ಬೆಚ್ಚಗೆ ಮಾಡಬೇಕಾಗುತ್ತಿತ್ತು, ಹೋಟೆಲಿನವರು ಇವರನ್ನು ಕಂಡರೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಗಂಡುಹುಡುಗರ ಪುಂಡಾಟಿಕೆ ಅಷ್ಟು ಹೊತ್ತಿಗೆ ಮಾರಾಟದ ಸರಕಾಗಿತ್ತು. ಹೆಣ್ಣುಮಕ್ಕಳದು ಮಾತ್ರ ಅಪರಾಧವೆನಿಸಿತು. ಅದು ಬರಿಯ ಬೈಗುಳಕ್ಕೆ ನಿಲ್ಲಲಿಲ್ಲ. ಆರಿಯನ್ನು ಬೀದಿಯಲ್ಲಿ ಒಬ್ಬಾತ ಚಾಕುವಿನಿಂದ ತಿವಿದ. ದಪ್ಪನೆಯ ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟಿದ್ದರಿಂದ ಹುಡುಗಿ ಉಳಿದುಕೊಂಡಳು.

ಪಾಮೋಲಿವ್ ಹೇಗೆ ಬಾರಿಸುತ್ತಿದ್ದಳು? ಡ್ರಮ್ ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ವಾದ್ಯ ನಿಜವಾಗಿ ಒಂದು ಸಂಸಾರ. ಕಾಲಿನಿಂದ ಮೆಟ್ಟಿ ಬಾರಿಸುವ ದೊಡ್ಡ ಬಾಸ್ ಡ್ರಮ್, ಅಡಿಯಲ್ಲಿ ತಂತಿಗಳನ್ನು ಬಿಗಿದಿರುವ, ಚಟೀರೆಂದು ನುಡಿಯುವ ಸ್ನೇರ್, ನಮ್ಮ ಡೊಳ್ಳಿನ ಹಾಗೆ ಗುಡುಗುವ ಟಾಮ್‌ಟಾಮ್‌ಗಳು, ಕಂಚಿನ ತಟ್ಟೆಗಳು, ಮತ್ತೆ ಎಡಗಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ, ಹೈಹ್ಯಾಟ್. ರಾಕ್ ಸಂಗೀತದ ವಾಡಿಕೆಯಲ್ಲಿ ನಾಲ್ಕು ಎಣಿಕೆಯ ಆವರ್ತಕ್ಕೆ ಎರಡನೆಯ ಮತ್ತು ನಾಲ್ಕನೆಯ ಎಣಿಕೆಯಲ್ಲಿ ಸ್ನೇರಿನ ಪೆಟ್ಟು ಬೀಳಬೇಕು. ಆ ಜೋಡಿ ತಾಳ ಗಡಿಯಾರದ ಮುಳ್ಳಿನಂತೆ ನಡುವಣ ಹೊತ್ತನ್ನು ಅಳೆಯುತ್ತಿರಬೇಕು. ಪಾಮೋಲಿವ್ ಈ ಗಡಿಯಾರವನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಆಕೆಯ ಮನಸ್ಸು ಟಾಮ್‌ಟಾಮ್‌ಗಳ ಮೇಲೆ. ಹಾಡಿನ ಆವೇಶ ಏರಿದಂತೆ ಗತಿ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಪೆಟ್ಟು ಹಾಡಿನ ಅಡಿಯಲ್ಲಿ ತಳಹದಿಯಾಗಿ ಮಲಗಿರುವುದಿಲ್ಲ; ಹಾಡುವವಳ ಜೊತೆಯಲ್ಲಿಯೇ ಮಾತಿಗೆ ಮಾತು ಕೊಡುತ್ತ ಓಡುತ್ತದೆ.

ಇದನ್ನು ನಾನು ಹೇಳುತ್ತಿರುವುದು ಕೇಳಿ, ಓದಿ ಅಲ್ಲ. ಕೇಳುವುದು ಸಾಧ್ಯವಾದದ್ದು ಬಾನುಲಿಯಿಂದ. ಬಿ.ಬಿ.ಸಿ.ಯಲ್ಲಿ ಜಾನ್ ಪೀಲ್ ಎಂಬ ನಿರೂಪಕ 1967ರಿಂದ, 2004ರಲ್ಲಿ ತಾನು ತೀರಿಕೊಳ್ಳುವವರೆಗೆ, ಹೊಸ ತಂಡಗಳನ್ನು ನಿಲಯಕ್ಕೆ ಕರೆಸಿ ನುಡಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದ. ಧ್ವನಿಮುದ್ರಿಕೆಯ ಕಂಪನಿಗಳಾವುವೂ ಕೈಹಿಡಿಯದಿದ್ದ ‘ಸ್ಲಿಟ್ಸ್’ ತಂಡವನ್ನು 1977ರ ಸೆಪ್ಟೆಂಬರಿನಲ್ಲಿ ಒಮ್ಮೆ, 1978ರ ಏಪ್ರಿಲಿನಲ್ಲಿ ಇನ್ನೊಮ್ಮೆ ಆತನ ಕಾರ್ಯಕ್ರಮಕ್ಕಾಗಿ ಮುದ್ರಿಸಿಕೊಂಡರು. ಎರಡೂ ಸೇರಿ ಏಳು ಹಾಡುಗಳು. ಮೊದಲನೆಯದರಲ್ಲಿ ಅಂಗಡಿಯಲ್ಲಿ ಕದಿಯುವುದನ್ನು ಕುರಿತ ‘ಷಾಪ್‌ಲಿಫ್ಟಿಂಗ್’ ಎಂಬ ಹಾಡಿದೆ. ಓಡು ಓಡು ಎಂದು ಡ್ರಮ್ಮೇ ಹಿಂದಿನಿಂದ ಅಟ್ಟುತ್ತಿರುವಂತೆ ಕೇಳಿಸುತ್ತದೆ. ಗಮಕ ವಾಚನದಲ್ಲಿ ಪಳಗಿದ ನನ್ನ ಕಿವಿಗೆ ಇದರಲ್ಲಿ ಬಹುಪಾಲು ಗದ್ದಲವೇ. ಆದರೆ ಆ ಓಟದಲ್ಲಿ ಒಂದು ಉಸಿರಿದೆ. ಯಂತ್ರಕ್ಕೆ ಅದು ಇರುವುದಿಲ್ಲ.

ಕನ್ನಡದ ವಿದ್ಯಾರ್ಥಿಯಾಗಿ ಇಲ್ಲಿ ನನಗೆ ಹೊಳೆಯುವ ಒಂದು ಮಾತನ್ನು ಹೇಳಿಬಿಡುತ್ತೇನೆ. ನಮ್ಮ ತ್ರಿಪದಿ, ಸಾಂಗತ್ಯಗಳು ಅಂಶಗಣದಲ್ಲಿ ನಡೆಯುವ ಛಂದಸ್ಸುಗಳು. ಬ್ರಹ್ಮ, ವಿಷ್ಣು, ರುದ್ರ ಎಂಬ ಆ ಗಣಗಳನ್ನು ಮಾತ್ರೆ ಎಣಿಸಿ ನೋಡಿದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಮೆ. ಲೆಕ್ಕ ತಪ್ಪಿದ ಪದ್ಯವೆಂದು ಕೆಂಪು ಗೆರೆ ಎಳೆಯಬೇಕೆನಿಸುತ್ತದೆ. ಹಾಡಿದಾಗ ಮಾತ್ರ ಎಳೆಯುವಲ್ಲಿ ಎಳೆದು, ಒತ್ತುವಲ್ಲಿ ಒತ್ತಿ, ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂಡುತ್ತವೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿಗೆ ಅದು ತಪ್ಪೆಂದು ಒಮ್ಮೆಯೂ ತೋರಿಲ್ಲ. ಪಾಮೋಲಿವಳ ವಾದನವನ್ನು ಮಾತ್ರೆಯ ಕಣ್ಣಿನಿಂದ ನೋಡಿದವರು ತಾಳಗೆಟ್ಟಿದ್ದಾಳೆ ಎಂದರು. ಅಂಶದ ಕಿವಿಯಿಂದ ಕೇಳಿದರೆ ಬೇರೆ ತೋರುತ್ತದೆ. ಹಾಗೆಂದು ಆಕೆಯ ಪ್ರತಿ ಪೆಟ್ಟೂ ಸರಿಯೆಂದು ನಾನು ವಕಾಲತ್ತು ಮಾಡುತ್ತಿಲ್ಲ. ಕೆಲವು ಕಡೆ ತಾಳ ನಿಜವಾಗಿಯೂ ಮುಗ್ಗರಿಸಿದೆ.

1978ರ ಕೊನೆಯ ಭಾಗದಲ್ಲಿ ತಂಡದ ಉಳಿದವರು ಆಕೆಯನ್ನು ಬಿಟ್ಟುಕೊಟ್ಟರು. ಅವರ ಮನಸ್ಸು ಆಗ ಜಮೈಕಾ ದ್ವೀಪದ ರೆಗೆ ಸಂಗೀತದ ಕಡೆಗೆ ತಿರುಗುತ್ತಿತ್ತು. ರೆಗೆಯಲ್ಲಿ ಡ್ರಮ್ ಮತ್ತು ಬಾಸ್ ಎರಡೂ ಕಂಬದಂತೆ ನಿಲ್ಲಬೇಕು. ನಡುವೆ ಬಿಡುವ ಮೌನಕ್ಕೂ ಅಲ್ಲಿ ಅಳತೆಯಿದೆ. ಓಡುವ ಕೈಗೆ ಇದು ಹಿಡಿಸದು. ಪಾಮೋಲಿವಳ ಲಯ ನಿಲ್ಲದೆಂಬುದು ತಂಡದವರ ದೂರು; ತಂಡ ಹಿಡಿದ ದಾರಿಯೇ ತನಗೆ ಒಗ್ಗಲಿಲ್ಲವೆಂಬುದು ಆಕೆಯ ಮಾತು. ಎರಡೂ ನಿಜವಿರಬಹುದು. ಯಾರು ಬೇಕಾದರೂ ಬಾರಿಸಬಹುದೆಂದು ಹೊರಟ ಚಳವಳಿ ಎರಡೇ ವರ್ಷದಲ್ಲಿ, ನಿನಗೆ ಬಾರಿಸಲು ಬರುವುದಿಲ್ಲ ಎಂದು ಹೇಳುವ ಸ್ಥಿತಿಗೆ ಬಂದಿತ್ತು. ಅದೂ ತಂಡವನ್ನು ಕಟ್ಟಿದವಳಿಗೆ. ನನಗೆ ಇದು ಬರಿಯ ಜಗಳವಾಗಿ ಕಾಣುವುದಿಲ್ಲ. ಕಲೆ ಬೆಳೆಯಬೇಕಾದರೆ ಶಿಸ್ತು ಬೇಕು. ಶಿಸ್ತು ಬಂದಾಗ ಮೊದಲು ಬಂದವರೇ ಹೊರಗಾಗುವುದುಂಟು. ಆ ಹುಡುಗಿಯರಿಗೆ ಈ ಸಂಕಟ ತಿಳಿದಿರಲಿಲ್ಲವೆಂದು ಹೇಳಲು ಬಾಯಿ ಬಾರದು.

ಆಕೆಯ ಜಾಗಕ್ಕೆ ‘ಬಜ್ಜಿ’ ಎಂಬ ಅಡ್ಡಹೆಸರಿನ ಪೀಟರ್ ಕ್ಲಾರ್ಕ್ ಬಂದ. ಹೆಸರನ್ನು ಕೇಳಿ ನಗಬೇಡಿ, ಅದು ಒಂದು ಹಕ್ಕಿಯ ಹೆಸರಿನ ಮೊಟಕು. ನಿಷ್ಣಾತನಾದ ವಾದಕ. ಡೆನಿಸ್ ಬೊವೆಲ್ ಎಂಬಾತನ ನಿರ್ದೇಶನದಲ್ಲಿ ಮುದ್ರಣವಾಗಿ 1979ರ ಸೆಪ್ಟೆಂಬರಿನಲ್ಲಿ ಹೊರಬಂದ ‘ಕಟ್’ ಎಂಬ ಧ್ವನಿಮುದ್ರಿಕೆ, ಮೈಗೆ ಕೆಸರು ಬಳಿದುಕೊಂಡ ಮೂವರು ಹುಡುಗಿಯರ ಅರೆಬತ್ತಲೆ ಚಿತ್ರದ ಹೊದಿಕೆಯೊಡನೆ, ಇಂದಿಗೂ ವಿಮರ್ಶಕರ ಬಾಯಲ್ಲಿದೆ. ಅದು ಒಳ್ಳೆಯ ಧ್ವನಿಮುದ್ರಿಕೆಯೇ. ಹೆಣ್ಣುಮಕ್ಕಳ ತಂಡದ ಆ ಮೊದಲ ಗ್ರಂಥದಲ್ಲಿ ತಾಳ ಹಾಕಿದವನು ಗಂಡಸು ಎಂಬುದನ್ನು ಮಾತ್ರ ಕೇಳುವವರು ಮರೆತುಬಿಡುತ್ತಾರೆ.

ಪಾಮೋಲಿವ್ ಸುಮ್ಮನೆ ಕೂಡಲಿಲ್ಲ. ಮಡೇರಾ ದ್ವೀಪದಿಂದ ಬಂದ ಪೋರ್ಚುಗೀಸ್ ಹೆಣ್ಣುಮಗಳು ಆನಾ ಡ ಸಿಲ್ವಾ ಮತ್ತು ಗೀನಾ ಬರ್ಚ್ ಇಬ್ಬರೂ ಲಂಡನ್ನಿನ ಚಿತ್ರಕಲಾ ವಿದ್ಯಾರ್ಥಿನಿಯರಾಗಿದ್ದಾಗ 1977ರಲ್ಲಿ ಆರಂಭಿಸಿದ್ದ ‘ರೇನ್‌ಕೋಟ್ಸ್’ ತಂಡವನ್ನು ಆಕೆ ಸೇರಿದಳು. ಶಾಸ್ತ್ರೀಯ ಶಿಕ್ಷಣ ಪಡೆದ ವಿಕಿ ಆಸ್ಪಿನಾಲ್ ಪಿಟೀಲಿಗೆ ಬಂದಳು. ಈ ಕೂಟ ಹದವಾದ ಕೂಟ. ಪಿಟೀಲು ಶ್ರುತಿಯ ಅಂಚಿನಲ್ಲಿ ಕುಯ್ಯುತ್ತದೆ, ಗಿಟಾರು ಮುಳ್ಳಿನಂತೆ ಚುಚ್ಚುತ್ತದೆ, ಡ್ರಮ್ ತನ್ನ ಮನಸ್ಸಿಗೆ ಬಂದಲ್ಲಿ ನಿಂತು ಮತ್ತೆ ಹೊರಡುತ್ತದೆ. ಉಳಿದ ಮೂವರೂ ಅದನ್ನು ಕಾದು, ಜೊತೆಗೂಡಿಸಿಕೊಂಡು ನಡೆಯುತ್ತಾರೆ. 1979ರಲ್ಲಿ ‘ಫೇರಿಟೇಲ್ ಇನ್ ದ ಸೂಪರ್‌ಮಾರ್ಕೆಟ್’ ಎಂಬ ಕಿರುಮುದ್ರಿಕೆಯೂ, ಅದೇ ವರ್ಷದ ನವೆಂಬರಿನಲ್ಲಿ ತಂಡದ ಹೆಸರನ್ನೇ ಹೊತ್ತ ದೊಡ್ಡ ಮುದ್ರಿಕೆಯೂ ‘ರಫ್ ಟ್ರೇಡ್’ ಕಂಪನಿಯಿಂದ ಬಂದುವು. ಇವುಗಳಲ್ಲಿ ಇರುವುದು ಆಕೆಯ ಕೈ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಒಂದು ಅಪರೂಪದ ಅನುಕೂಲ ಒದಗಿದೆ. ‘ಅಡ್ವೆಂಚರ್ಸ್ ಕ್ಲೋಸ್ ಟು ಹೋಮ್’ ಎಂಬುದು ಪಾಮೋಲಿವ್ ಬರೆದ ಹಾಡು. ಅದನ್ನು ‘ಸ್ಲಿಟ್ಸ್’ ತಂಡ ‘ಕಟ್’ ಮುದ್ರಿಕೆಯಲ್ಲಿ ಹಾಡಿದೆ, ‘ರೇನ್‌ಕೋಟ್ಸ್’ ತಂಡ ತನ್ನ ಮುದ್ರಿಕೆಯಲ್ಲಿ ಹಾಡಿದೆ. ಒಂದೇ ವರ್ಷ, ಒಂದೇ ಹಾಡು, ಎರಡು ಪಾಠಗಳು. ಒಂದರಲ್ಲಿ ತಾಳ ಬೇರೊಬ್ಬನದು, ಇನ್ನೊಂದರಲ್ಲಿ ಕವಿಯದೇ. ಗ್ರಂಥಸಂಪಾದಕರು ಪ್ರತಿಗಳನ್ನು ಎದುರುಬದುರು ಇಟ್ಟು ನೋಡುವಂತೆ ನಾನು ಇವೆರಡನ್ನೂ ಬೆನ್ನು ಬೆನ್ನಿಗೆ ಕೇಳಿದ್ದೇನೆ. ಬಜ್ಜಿಯ ಪಾಠ ಅಚ್ಚುಕಟ್ಟು, ಕುಣಿಯುವುದಕ್ಕೂ ಬರುತ್ತದೆ. ಪಾಮೋಲಿವಳದರಲ್ಲಿ ಹಾಡು ಎಡವುತ್ತ, ಎದ್ದು ಓಡುತ್ತ ಸಾಗುತ್ತದೆ. ಮನೆಯಿಂದ ದೂರ ಹೊರಟವಳ ಕಥೆಯಾಗಿ ನನಗೆ ಕೇಳಿಸುವುದು ಎರಡನೆಯದೇ. ಪಾಠಾಂತರದಲ್ಲಿ ನನ್ನ ಮತ ಅದಕ್ಕೆ.

ಆ ದೊಡ್ಡ ಮುದ್ರಿಕೆ ಅಂಗಡಿಗೆ ಬರುವ ಹೊತ್ತಿಗೆ ಆಕೆ ಆ ತಂಡದಲ್ಲಿಯೂ ಇರಲಿಲ್ಲ. ಈ ಸಲ ಯಾರೂ ಕಳಿಸಲಿಲ್ಲ. ಆಕೆಯೇ ಹೊರಟಳು, ಅದೂ ಭಾರತಕ್ಕೆ. ಸಂಗೀತದಲ್ಲಿ ಸಿಕ್ಕದ ಏನನ್ನೋ ಅಧ್ಯಾತ್ಮದಲ್ಲಿ ಅರಸಿ ಕೆಲವು ತಿಂಗಳು ಇಲ್ಲಿದ್ದಳು. ಹಿಂದಿನ ದಶಕದಲ್ಲಿ ಬೀಟಲ್ಸ್ ತಂಡದವರು ಹೃಷೀಕೇಶಕ್ಕೆ ಬಂದಾಗ ಪತ್ರಿಕೆಯವರ ದಂಡೇ ಹಿಂದೆ ಬಂದಿತ್ತು. ಈಕೆ ಬಂದು ಹೋದದ್ದು ಯಾರಿಗೂ ತಿಳಿಯಲಿಲ್ಲ. ಅರಸಿದ್ದು ಇಲ್ಲಿ ಆಕೆಗೆ ದೊರೆಯಲಿಲ್ಲ. ಮುಂದೆ ಕ್ರೈಸ್ತ ಶ್ರದ್ಧೆಯಲ್ಲಿ ನೆಲೆ ಕಂಡಳು. ಮದುವೆಯಾಗಿ ಪಲೋಮಾ ಮೆಕ್‌ಲಾರ್ಡಿಯಾದಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಹೋಗಿ ಸಂಸಾರ ಹೂಡಿದಳು. ಶಾಲೆಯ ಉಪಾಧ್ಯಾಯಿನಿಯೂ ಆದಳು. ಇದನ್ನು ಕೆಲವರು ಶರಣಾಗತಿಯೆನ್ನುತ್ತಾರೆ. ಒಂದಲ್ಲ ಒಂದು ಕಟ್ಟನ್ನು ಬಿಚ್ಚಿಕೊಂಡು ಬಂದವಳು ಕೊನೆಗೆ ತಾನೇ ಆರಿಸಿದ ಒಂದು ಕಟ್ಟಿನಲ್ಲಿ ನಿಂತರೆ ನಮಗೇಕೆ ಕಷ್ಟವಾಗಬೇಕೋ ನನಗೆ ತಿಳಿಯದು.

ಇತ್ತ ಆಕೆಯ ಕೈಬರಹ ತಾನಾಗಿ ಪ್ರಯಾಣ ಮಾಡುತ್ತಿತ್ತು. 1980ರ ದಶಕದಲ್ಲಿ ಬಿ.ಬಿ.ಸಿ.ಯ ಆ ಮುದ್ರಣಗಳು ಮಾರಾಟದ ಧ್ವನಿಮುದ್ರಿಕೆಗಳಾಗಿ ಹೊರಬಂದುವು. 1992ರಲ್ಲಿ, ಆಗ ಕೀರ್ತಿಯ ಶಿಖರದಲ್ಲಿದ್ದ ‘ನಿರ್ವಾಣ’ ತಂಡದ ಕರ್ಟ್ ಕೋಬೇನ್, ಸವೆದುಹೋದ ತನ್ನ ‘ರೇನ್‌ಕೋಟ್ಸ್’ ಮುದ್ರಿಕೆಯ ಇನ್ನೊಂದು ಪ್ರತಿಯನ್ನು ಹುಡುಕಿಕೊಂಡು ಲಂಡನ್ನಿನ ಬೀದಿಗಳಲ್ಲಿ ಅಲೆದ. ಆ ಕಥೆಯನ್ನು ತನ್ನ ತಂಡದ ಒಂದು ಮುದ್ರಿಕೆಯ ಹೊದಿಕೆಯಲ್ಲಿ ಬರೆದ. ಅದರ ಫಲವಾಗಿ, ಅಚ್ಚು ತೀರಿ ಎಷ್ಟೋ ಕಾಲವಾಗಿದ್ದ ಆ ಧ್ವನಿಮುದ್ರಿಕೆ ಹೊಸ ಆವೃತ್ತಿ ಕಂಡಿತು. 2010ರಲ್ಲಿ ಆರಿ ತೀರಿಕೊಂಡಳು. 2017ರಲ್ಲಿ ‘ಸ್ಲಿಟ್ಸ್’ ತಂಡವನ್ನು ಕುರಿತು ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಪಲೋಮಾಳನ್ನು ನೋಡಬಹುದು: ನಡುವಯಸ್ಸನ್ನು ದಾಟಿದ ಹೆಂಗಸು, ಕಹಿಯಿಲ್ಲದೆ ಮಾತನಾಡುತ್ತಾಳೆ. ಡ್ರಮ್ಮನ್ನು ಆಕೆ ಪೂರ್ತಿ ಬಿಟ್ಟಿರಲಿಲ್ಲ. ಅಮೆರಿಕಕ್ಕೆ ಹೋದ ಮೇಲೆ ಭಕ್ತರ ವಾದ್ಯತಂಡವೊಂದರಲ್ಲಿ ಕುಳಿತು ಬಾರಿಸಿದ್ದಳು. ಲಂಡನ್ನಿನ ಕಾಲದ ತನ್ನ ಹಾಡುಗಳಲ್ಲಿ ಕೆಲವನ್ನು ಹಳೆಯ ಮಟ್ಟಿನಲ್ಲಿಯೇ ಇರಿಸಿಕೊಂಡು, ದೇವರನ್ನು ಕುರಿತ ಹೊಸ ಮಾತುಗಳನ್ನು ಅವಕ್ಕೆ ಕೂಡಿಸಿದ್ದಳು.